ಗಂಗವ್ವನಿಗೆ ಉಡಿ ತುಂಬಿದ ಜಾಗ

ಮಹಾತ್ಮರು ಮಾತಾಡುವುದೇ ಕಡಿಮೆ. ಆಡಿದರೆ ಮಾತ್ರ ಎದುರಿಗಿದ್ದವನ ಎದೆಗೇ ನಾಟಬೇಕು. ಮಲಪ್ರಭೆಯ ದಂಡೆಯ ಬೂದಿಕೊಪ್ಪದ ಪೂಜ್ಯ ಹಾಲಯ್ಯ ಅಜ್ಜನವರು ಅಂಥವರು. ಒಂದು ಬೆಳಿಗ್ಗೆ ಅವರು ಮಠದ ಹಿತ್ತಲಲ್ಲಿ ಕುಳಿತು ದಾಸೋಹದ ಸಾರಿಗೆ ಹುಣಸೆಹಣ್ಣು ಬಿಡಿಸುತ್ತಿದ್ದಾಗ ಊರಿನ ದ್ಯಾಮನಗೌಡರು ಬಂದು ಅಡ್ಡಬಿದ್ದರು.

ಆ ವರ್ಷ ಜಡಿಮಳೆಗೆ ಕೆಳಗೇರಿಯ ಮಣ್ಣಿನ ಮನೆಗಳೆಲ್ಲ ಕುಸಿದಿದ್ದವು. ಬಡವರು ಮಕ್ಕಳುಮರಿ ಕಟ್ಟಿಕೊಂಡು ಮಠದ ಪಡಸಾಲೆಯಲ್ಲಿ ಬಿದ್ದಿದ್ದರು. ಅವರು ಹೊಸ ಮನೆ ಕಟ್ಟಿಕೊಳ್ಳಲೆಂದು ಹೊಳೆಸಾಲಿನ ತಮ್ಮ ಹೊಲವನ್ನೇ ದಾನ ಕೊಡುವುದಾಗಿ ಗೌಡರು ಸಾರಿದ್ದರು. ಊರೆಲ್ಲ ಹೊಗಳಿದ್ದೇ ಹೊಗಳಿದ್ದು! ದಿಬ್ಬದ ಮೇಲಿನ ಹೊಲವನ್ನು ಮಾತ್ರ ತಮ್ಮ ಹತ್ತಿ ಮಿಲ್ಲಿಗೆಂದು ಇಟ್ಟುಕೊಂಡಿದ್ದರು.

“ಅಜ್ಜಾರ, ನಾಳೆ ಗುದ್ದಲಿ ಪೂಜಿ. ತಾವು ದಯಮಾಡಸಬೇಕ್ರಿ.”

“ಆಗಲಿ” ಎಂದರು ಅಜ್ಜನವರು, ಅಷ್ಟೇ.

ಮರುದಿನ ಹೊಲದಲ್ಲಿ ಗೂಟ ಹೊಡೆದು, ಹಗ್ಗ ಎಳೆದು ಮನೆಗಳ ಗುರುತು ಹಾಕಿಯಾಗಿತ್ತು. ಗೌಡರು ಗುದ್ದಲಿ ನೀಡಿದರು. ಅಜ್ಜನವರು ಅದನ್ನು ಮುಟ್ಟದೆ ಹೆಂಗಸರತ್ತ ತಿರುಗಿದರು.

“ಹೊಳಿ ತುಂಬಿದಾಗ ನೀರಿನ ಅಂಚಿಗೆ ನಿಂತು ಗಂಗವ್ವಗ ಉಡಿ ತುಂಬತೀರಲ್ಲ, ತಾಯಿ? ದೊಡ್ಡ ಹೊಳಿ ಬಂದ ವರ್ಷ ಎಲ್ಲಿ ನಿಂತು ತುಂಬಿದ್ರಿ?”

ಕೆಳಗೇರಿಯ ಮುದುಕಿ ನಿಂಬೆವ್ವ ಮುಂದೆ ನಡೆದಳು. ಹಗ್ಗಗಳನ್ನು ದಾಟಿದಳು, ಹೊಲ ಮುಗಿಯಿತು, ಆದರೂ ನಿಲ್ಲಲಿಲ್ಲ. ದಿಬ್ಬದ ಅಂಚಿನ ಬನ್ನಿಮರದ ಬುಡಕ್ಕೆ ಹೋಗಿ ನಿಂತು ಕೂಗಿದಳು: “ಇಲ್ಲೇರಿ ಯಪ್ಪಾ! ಸೀರಿ ನೆರಿಗಿ ತೊಯ್ದಿದ್ವು!”

ಜನ ಒಮ್ಮೆ ಆ ಮರ ನೋಡಿದರು, ಒಮ್ಮೆ ತಮ್ಮ ಕಾಲಡಿಯ ನೆಲ ನೋಡಿದರು. ಅಯ್ಯೋ ಶಿವನೇ, ಕೈಯಾರೆ ಉಡಿ ತುಂಬಿದವರಿಗೂ ಅದು ನೆನಪಾಗದೆ ಹೋಗಿತ್ತಲ್ಲ! ಪುಕ್ಕಟೆ ಸಿಕ್ಕಿತೆಂದರೆ ಮನುಷ್ಯನ ಕಣ್ಣು ಮಂಜಾಗುವುದೇ ಹಾಗೆ.

ಗೌಡರು ತಡವರಿಸಿದರು: “ಅಂಥಾ ಹೊಳಿ ವರ್ಷಾ ಬರತೈತೇನ್ರಿ ಅಜ್ಜಾರ? ಯಾವಾಗರ ಒಮ್ಮೆ.”

“ಖರೆ” ಎಂದರು ಅಜ್ಜನವರು ಶಾಂತವಾಗಿ. “ಹಂಗಾರ ಮೊದಲನೇ ಮನಿ ನಿಂದ ಆಗಲಿ. ನಿನ್ನ ಮೊಮ್ಮಗಳ ತೊಟ್ಟಿಲಾ ಇಲ್ಲೇ ಕಟ್ಟು. ಆಮ್ಯಾಲ ಪೂಜಿ ಮಾಡೂಣು.”

ಗೌಡರ ಮುಖ ಬಿಳಿಚಿತು. ಗುದ್ದಲಿ ಕೆಳಗಿಟ್ಟು ಗುರುಗಳ ಪಾದ ಹಿಡಿದರು.

“ನನಗ ಗೊತ್ತಿತ್ರಿ ಅಜ್ಜಾರ. ಗೊತ್ತಿದ್ದೇ ಕೊಟ್ಟೆ.”

ಎಂಥ ಮಾತು! ಊರ ಮಂದಿಯೆದುರು ಗೌಡಕಿಯ ಮನುಷ್ಯ ಆಡುವ ಮಾತೇ ಅದು? ಜನ ಸಿಟ್ಟಿನಿಂದ ಗುಜುಗುಜು ಎಂದರು. ಅಜ್ಜನವರು ಕೈಯೆತ್ತಿ ಸುಮ್ಮನಾಗಿಸಿ, ಗೌಡರ ರಟ್ಟೆ ಹಿಡಿದು ಎಬ್ಬಿಸಿದರು. “ಏಳಪಾ. ಬುನಾದಿ ಈಗ ಬಿತ್ತು ನೋಡು.”

ಗೌಡರು ದಿಬ್ಬ ಹತ್ತಿ, ಮಿಲ್ಲಿಗೆಂದು ಇಟ್ಟ ಹೊಲದಲ್ಲಿ ತಾವೇ ಮೊದಲ ಗುದ್ದಲಿ ಹಾಕಿದರು. ಕೆಳಗೇರಿಯ ಮನೆಗಳೆಲ್ಲ ಅಲ್ಲೇ ಎದ್ದವು. ಹೊಳೆಸಾಲಿನ ನೆಲದಲ್ಲಿ ಗೌಡರು ಬದನೆ ಹಾಕಿಕೊಂಡರು. ಮುಂದೊಂದು ವರ್ಷ ಮಲಪ್ರಭೆ ಉಕ್ಕಿ ಬಂದು ತೋಟವನ್ನೆಲ್ಲ ಬಳಿದುಕೊಂಡು ಹೋದಳು. ಮರುಗಲು ಬಂದವರೆದುರು ಗೌಡರು ಕಣ್ಣೊರೆಸಿಕೊಂಡು ನಕ್ಕರಂತೆ.

“ಬದನಿಕಾಯಿ ಹೋದ್ವು, ಹೋಗ್ಲಿ ಬಿಡ್ರಪಾ. ಮಂದಿ ಉಳದಾರಲ್ಲ!”