ಬಲಗಡೆ ಬಿದ್ದ ಹೂವು

ಪೂಜ್ಯ ಅನಂತಪಾದ ಸ್ವಾಮಿಗಳಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಬಿಲ್ಲೂರಿನ ಪುರಾತನ ನರಸಿಂಹ ದೇವಸ್ಥಾನದ ಮುಖಮಂಟಪದಲ್ಲಿ ಸವೆದ ಕಂಬವೊಂದಕ್ಕೆ ಒರಗಿ, ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತಿದ್ದರು. ಅವರ ಸಹನೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಸಹನೆಯೂ ಒಂದು ದಿನ ಮುಗಿದುಹೋಗಿತ್ತು. ಆ ದಿನದ ಮಾತು ಇದು.

ಆ ಕ್ಷೇತ್ರದಲ್ಲಿ ಹೂವು ಕೇಳುವ ಪದ್ಧತಿ ತಲೆತಲಾಂತರದಿಂದ ಬಂದದ್ದು. ನೀರಿನಲ್ಲಿ ಅದ್ದಿದ ಹೂವನ್ನು ನರಸಿಂಹನ ವಿಗ್ರಹದ ಎರಡೂ ಭುಜಗಳಿಗೆ ಅರ್ಚಕರು ಅಂಟಿಸಿದಾಗ ಭಕ್ತರು ಮನಸ್ಸಿನಲ್ಲಿದ್ದುದನ್ನು ಅರಿಕೆ ಮಾಡಿಕೊಳ್ಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದಾದರೆ ಬೇಡವೆಂದರ್ಥ. ಇಷ್ಟು ಸರಳವಾದದ್ದನ್ನೂ ಮನುಷ್ಯ ಕೆಡಿಸಬಲ್ಲ.

ಕೆಡಿಸಿದವರು ಶ್ಯಾನುಭೋಗ ಸುಬ್ಬಕೃಷ್ಣಯ್ಯನವರು. ಮಗನ ಮದುವೆಯಲ್ಲಿ ಅವರು ಬೀಗರನ್ನು ಊಟದೆಲೆಯ ಮುಂದೆ ಗದರಿದ್ದರು. ಅಕ್ಕ ಸಾತಮ್ಮನವರು ಅಲ್ಲಿಯೇ, ಪಂಕ್ತಿಯ ನಡುವೆಯೇ, ತಮ್ಮನನ್ನು ಗದರಿದರು. ತಪ್ಪು ಯಾರದೆಂದು ಊರಿಗೇ ಗೊತ್ತಿತ್ತು. ಆದರೂ ಹನ್ನೆರಡು ವರ್ಷ ಇವರು ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಈಗ ಕೆರೆಯಾಚೆಯ ಹಳ್ಳಿಯಲ್ಲಿ ಆಕೆ ಹಾಸಿಗೆ ಹಿಡಿದು, ತಮ್ಮನನ್ನು ಒಮ್ಮೆ ನೋಡಬೇಕೆಂದು ಹೇಳಿಕಳಿಸಿದ್ದರು. ಹೋಗಲು ಮನಸ್ಸಿಲ್ಲ, ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆ. ದೇವರೇ ಬೇಡವೆಂದುಬಿಟ್ಟರೆ ಯಾರ ಕಾಟವೂ ಇಲ್ಲವೆಂದು ಹೂವು ಕೇಳಿದರು. ಬಲಗಡೆ ಬಿತ್ತು.

ಗಾಳಿ ಬೀಸಿತು ಎಂದರು. ಮರುದಿನ ಬಾಗಿಲು ಮುಚ್ಚಿಸಿ ಕೇಳಿದರು, ಆಗಲೂ ಬಲಗಡೆಯೇ. ಹೂವಿಗೆ ನೀರು ಸಾಲದೆಂದು ಇನ್ನೊಂದು ದಿನ ಬಂದರು. ಕೊನೆಗೆ ಎಡಕ್ಕೆ ದಪ್ಪ ತಾವರೆ, ಬಲಕ್ಕೆ ಒಂದೇ ಒಂದು ತುಳಸಿದಳ ಇಡಿಸಿದರು. ಆ ತುಳಸಿಯೇ ಉದುರಿತು. ಅರ್ಚಕರ ಸೊಂಟ ಬಿದ್ದುಹೋಗಿತ್ತು. ಉಳಿದ ಭಕ್ತರು ಕಾದು ಕಾದು ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು. ಬರೆಯುವ ನನಗೇ ಈ ಮಹಾನುಭಾವರ ಮೇಲೆ ಸಿಟ್ಟು ಬರುತ್ತದೆ, ಕಣ್ಣಾರೆ ಕಂಡವರ ಗತಿ ಏನಾಗಿರಬೇಡ.

ಎಂಟನೆಯ ದಿನ ಅವರು ಹೂಬುಟ್ಟಿ ಹಿಡಿದು ಮೆಟ್ಟಿಲು ಹತ್ತುವಾಗ ಸ್ವಾಮಿಗಳು ಹತ್ತಿಯನ್ನು ಕೆಳಗಿಟ್ಟರು.

“ಸುಬ್ಬಕೃಷ್ಣಯ್ಯ, ಏಳು ಸಲ ಹೇಳಿಯೂ ದೇವರಿಗೆ ಬೇಸರವಾಗಿಲ್ಲ. ನನಗೆ ಆಗಿದೆ.”

ಶ್ಯಾನುಭೋಗರು ಕೆಂಪಗಾದರು. ದೈವದ ವಿಷಯದಲ್ಲಿ ಸಂಶಯ ಉಳಿಯಬಾರದೆಂದು ವಿವರಿಸಲು ಹೊರಟರು. ಸ್ವಾಮಿಗಳು ಕೈಯೆತ್ತಿ ತಡೆದರು.

“ಮೊದಲನೇ ದಿನವೇ ಎಡಗಡೆ ಬಿದ್ದಿದ್ದರೆ, ಎರಡನೇ ಸಲ ಕೇಳ್ತಿದ್ದೆಯಾ?”

ಶ್ಯಾನುಭೋಗರು ಹೂಬುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಿದರು. ಸ್ವಾಮಿಗಳು ಹತ್ತಿಯ ಗಂಟು ಬಿಚ್ಚಿ, ಒಣಗಿ ಮುದುಡಿದ ಸೇವಂತಿಗೆಯೊಂದನ್ನು ತೆಗೆದರು. ಮೊದಲ ದಿನ ಬಿದ್ದದ್ದು, ಶ್ಯಾನುಭೋಗರು ಅಲ್ಲಿಯೇ ಬಿಟ್ಟುಹೋದದ್ದು. ಅದನ್ನು ಅಕ್ಕನಿಗೆ ಕೊಡಬೇಕು, ಆಕೆ ಕೇಳಿದ್ದಕ್ಕೆ ನಿಜ ಹೇಳಬೇಕು ಎಂದಷ್ಟೇ ಅಪ್ಪಣೆ ಕೊಡಿಸಿ ಮತ್ತೆ ಬತ್ತಿ ಹೊಸೆಯತೊಡಗಿದರು.

ಸಾತಮ್ಮನವರು ಅದೇ ದೇವಸ್ಥಾನದ ನೆರಳಿನಲ್ಲಿ ಬೆಳೆದವರು. ಅಂದೇ ಹೊರಟು ಬಂದ ತಮ್ಮ ಕೊಟ್ಟ ಹೂವನ್ನು ಕಣ್ಣಿಗೊತ್ತಿಕೊಂಡು, ಬೆರಳಿನಲ್ಲಿ ಸವರಿ ನೋಡಿದರು.

“ಇದು ಯಾವತ್ತು ಆದ ಅಪ್ಪಣೆಯೋ?”

“ಏಳು ದಿನ ಆಯ್ತು, ಅಕ್ಕ. ದೇವರು ಅವತ್ತೇ ಕೊಟ್ಟ. ನಾನೇ ಬರಲಿಲ್ಲ.”

ಆಕೆ ಹೂವನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡರು. ಆಮೇಲೆ, “ಹನ್ನೆರಡು ವರ್ಷ ಕಾದವಳಿಗೆ ಏಳು ದಿನ ಏನು ಮಹಾ. ಕೂತ್ಕೋ” ಎಂದರು.

ಶ್ಯಾನುಭೋಗರು ಆ ಮನೆಯಲ್ಲಿಯೇ ಉಳಿದರು. ಗಂಜಿ ಕುಡಿಸಿದರು, ಕಾಲೊತ್ತಿದರು. ಮೂರನೆಯ ದಿನ ಸಾತಮ್ಮನವರು ತಮ್ಮನ ತೊಡೆಯ ಮೇಲೆ ತಲೆಯಿಟ್ಟು ಕಣ್ಣುಮುಚ್ಚಿದರು.

ಮುಂದೆ ಬಹುಕಾಲ ಶ್ಯಾನುಭೋಗರು ಸ್ವಾಮಿಗಳ ಪಕ್ಕದಲ್ಲಿ ಕುಳಿತು ಬತ್ತಿ ಹೊಸೆದರು. ಹೂವು ಬಿದ್ದ ಮೇಲೂ ಇನ್ನೊಮ್ಮೆ ಕೇಳಲು ಬಂದವರನ್ನು ಕಂಡರೆ ಎದ್ದು ಮೆಟ್ಟಿಲವರೆಗೆ ಹೋಗಿ ಕೈ ಹಿಡಿದುಕೊಳ್ಳುತ್ತಿದ್ದರು.

“ನನಗೆ ಅಕ್ಕನ ಜೊತೆ ಮೂರು ದಿನ ಸಿಕ್ಕಿತು. ದೇವರು ಹತ್ತು ಕೊಟ್ಟಿದ್ದ.”