ಸಾಸಿವೆಗೆ ನಡೆಮಡಿ

ಚಿಕ್ಕಬೋರನ ಕತೆ ಹೇಳ್ತೀನಿ. ನಗಬೇಕಾದ್ರೆ ನಗಿ, ಹೀಯಾಳಿಸಿದ್ರೆ ಮಾತ್ರ ನಾನು ಎದ್ದು ಹೋಗ್ತೀನಿ. ಅವನಷ್ಟು ಪೆದ್ದನೂ ಇಲ್ಲ, ಅವನಷ್ಟು ಒಳ್ಳೆಯವನೂ ಇಲ್ಲ. ತಾಯಿ ಪುಟ್ಟನಂಜಮ್ಮ ಹಣೆ ಹಣೆ ಚಚ್ಚಿಕೊಂಡೇ ಅವನನ್ನ ಸಾಕಿದ್ದಳು.

ಮನೇಲಿ ಸಾಸಿವೆ ಅಂತ ಒಂದು ಪುಟ್ಟ ನಾಯಿ. ಪುಟ್ಟನಂಜಮ್ಮನಿಗೆ ಅದು ಮಗಳ ಸಮ. ನುಣ್ಣನೆ ಟೈಲ್ಸ್ ಮೇಲೆ ಜಾರಿ ಜಾರಿ ಅದರ ಹಿಂಗಾಲಿನ ಮಂಡಿಚಿಪ್ಪು ಸಡಿಲ ಆಗಿತ್ತು. ಹೀಗೇ ಜಾರ್ತಿದ್ರೆ ಮುಂದೆ ನಡೆಯೋದೇ ಕಷ್ಟ, ಮಂಚದಿಂದ ನೆಗೆಯೋಕೆ ಬಿಡಬೇಡಿ, ದಿನಾ ಸ್ವಲ್ಪ ಹೊತ್ತು ಮೆಲ್ಲಗೆ ಅಡ್ಡಾಡಿಸಿ ಅಂದರು ದನದ ಡಾಕ್ಟರು.

ನೆಗೆಯೋಕೆ ಬಿಡಬೇಡಿ ಅಂದರಲ್ಲ, ಚಿಕ್ಕಬೋರ ಗರಗಸ ತಂದು ಮಂಚದ ನಾಲ್ಕು ಕಾಲನ್ನೂ ಕೊಯ್ದ. ತಾಯಿ ಎಂದಿನಂತೆ ಮಂಚ ಇದೆ ಅಂತ ಕೂತರೆ ದಡ್ ಅಂತ ನೆಲಕ್ಕೇ ಬಂದಳು. "ಪೆದ್ದುಮುಂಡೇದೆ, ಕಾಲು ಕೊಯ್ತಾರೇನೋ? ಜಾರದ ಹಾಗೆ ಏನಾದ್ರೂ ಹಾಸಬೇಕು ಕಣೋ" ಅಂತ ಬೈದಳು.

ಹಾಸಬೇಕು ಅಂದಳಲ್ಲ. ಮಾರನೆ ದಿನ ಅಡ್ಡಾಡಿಸೋಕೆ ಹೊರಟಾಗ ತಾಯಿಯ ಎರಡು ಸೀರೆ ಎತ್ಕೊಂಡ. ಒಂದನ್ನ ಹಾಸೋದು, ನಾಯಿ ದಾಟಿದ ಮೇಲೆ ಹಿಂದಿನದನ್ನ ಎತ್ತಿ ಮುಂದೆ ಹಾಸೋದು. ದೇವರು ಬೀದಿಗೆ ಬಂದಾಗ ಮಡಿವಾಳರು ನಡೆಮಡಿ ಹಾಸಲ್ವಾ, ಥೇಟ್ ಹಾಗೆ. ನಮ್ಮ ಜನ ಬಟ್ಟೆ ಹಾಸೋದು ಕಂಡರೆ ಸಾಕು, ಬರ್ತಿರೋದು ಯಾವ ದೇವರು ಅಂತ ನೋಡೋದುಂಟಾ? ತುಂಬಿದ ಕೊಡ ತಂದರು, ಕಾಯಿ ಒಡೆದರು, ಅಡ್ಡಬಿದ್ದರು. ಸಾಸಿವೆ ಒಂದು ಕಾಯಿಚೂರು ಕಚ್ಕೊಂಡು ಗಂಭೀರವಾಗಿ ಮುಂದೆ ಹೋಯ್ತು.

ಸೀರೆ ನೋಡಿ ತಾಯಿಗೆ ಅಳುವೇ ಬಂತು. ಮಣ್ಣಿನ ಮೇಲೆ ನಾಯಿ ಜಾರಲ್ಲ ಕಣೋ, ಮಣ್ಣಿದ್ದರೆ ಬೇರೇನೂ ಬೇಡ ಅಂತ ಬಿಡಿಸಿ ಹೇಳಿದಳು.

ಬೇರೇನೂ ಬೇಡ ಅಂದಳಲ್ಲ. ಒಂದು ಗಾಡಿ ಮಣ್ಣು ತಂದು ಟೈಲ್ಸ್ ಮುಚ್ಚಿ, ತಟ್ಟಿ, ಸಗಣಿ ಸಾರಿಸಿಬಿಟ್ಟ. ತಾಯಿ ಹೊಸಿಲಲ್ಲೇ ಕುಸಿದಳು. ಬೈಯೋಕೆ ಬಾಯಿ ತೆರೀತಿದ್ದ ಹಾಗೇ ಸಾಸಿವೆ ಮೂಲೆಯಿಂದ ಎದ್ದು, ಒಂದು ಸಲವೂ ಜಾರದೆ, ಅವಳ ಮಡಿಲಿಗೆ ನಡೆದು ಬಂತು. ಬೈಯೋದು ಬಿಟ್ಟು ಅವಳು ಅದರ ತಲೆ ಸವರಿದಳು.

ದಿನ ಕಳೆದಂತೆ ಕುಂಟೋದೂ ನಿಂತಿತು. ಡಾಕ್ಟರು ಬಂದು ನೋಡಿ, ಇಂಥ ನಿಗಾ ಯಾರು ಮಾಡ್ತಾರೆ ಅಂತ ಚಿಕ್ಕಬೋರನ ಬೆನ್ನು ತಟ್ಟಿದರು. ತಾಯಿಗೆ ಹೆಮ್ಮೆಯೋ ಹೆಮ್ಮೆ. ಆದರೂ ಬಾಯಿ ಸುಮ್ಮನಿರಬೇಕಲ್ಲ, "ನನ್ನ ಮಂಡೀನೂ ನೋಯ್ತದೆ, ನನ್ನ ಯಾರು ನೋಡ್ತಾರೆ?" ಅಂದುಬಿಟ್ಟಳು.

ಯಾರು ನೋಡ್ತಾರೆ ಅಂದಳಲ್ಲ, ಚಿಕ್ಕಬೋರ ಕೇಳಿಸ್ಕೊಂಡ. ಮಾರನೆ ಬೆಳಗ್ಗೆ ಅವನ ಒಂದು ಕೈಲಿ ಸಾಸಿವೆಯ ಹಗ್ಗ, ಇನ್ನೊಂದು ಕೈಲಿ ತಾಯಿಯ ಸೊಂಟದ ಹಗ್ಗ. ಜಗಲಿಯಿಂದ ಅವಳನ್ನ ಎತ್ತಿಯೇ ಇಳಿಸಿದ. ಬೈತಾ ಬೈತಾನೇ ಪುಟ್ಟನಂಜಮ್ಮ ಬೀದಿ ತುದಿವರೆಗೂ ನಡೆದಳು.

ಅಲ್ಲೊಂದು ಲೈಟುಕಂಬ. ಸಾಸಿವೆ ಮೂಸಿ ಮುಂದೆ ಹೋಯ್ತು. ಚಿಕ್ಕಬೋರ ಮಾತ್ರ ನಿಂತೇ ಇದ್ದ.

"ಅವಸರ ಇಲ್ಲ ಕಣವ್ವ," ಅಂದ, "ನೀನೂ ಮೂಸ್ಕೊಂಡು ಬಾ."