ಕಂಬಳಿಬಂಡೆಯ ಹೂವು ಹದಿನೈದೇ ದಿನ ಬಾಳುವುದೇಕೆ

“ಹತ್ತಿರ ಬಾರೇ ತಂಗಿ, ಕುರಿಗೂ ಕೇಳಿಸಬಾರದು. ನನ್ನಾಣೆ, ನಿನ್ನ ಹೊಟ್ಟೆಯಲ್ಲೇ ಇರಲಿ,” ಎಂದು ಬೊಮ್ಮಕ್ಕನು ಬಾವಿಕಟ್ಟೆಯಲ್ಲಿ ದನಿ ತಗ್ಗಿಸಿದಳು. ಅದೇ ಗುಟ್ಟನ್ನು ಅದೇ ಆಣೆಯೊಡನೆ ಅವಳು ಹೇಳುತ್ತಿದ್ದುದು ಆ ಬೆಳಿಗ್ಗೆ ಏಳನೆಯ ಕಿವಿಗೆ.

ಮನುಷ್ಯರ ಆಣೆಗಳನ್ನು ದೇವತೆಗಳು ಕಿವಿಗೊಟ್ಟು ಕೇಳುತ್ತಿದ್ದ ಪೂರ್ವಯುಗವದು. ಸೂಜಿಕಲ್ಲೆಂಬ ಆ ಸೀಮೆಯು ತೃಣಮಾತ್ರವೂ ಚಿಗುರದ ಶಿಲಾಮಯ ಭೂಮಿಯಾಗಿದ್ದು, ಜಾಲಿಕಾಯಿ ತಿಂದು ಬದುಕುವ ಕುರಿಗಳು, ಕುರಿ ನಂಬಿ ಬದುಕುವ ಒಂದು ಹಟ್ಟಿ, ಹಟ್ಟಿಯ ಸುತ್ತ ಮುಳ್ಳುಬೇಲಿ, ಬೇಲಿಯೊಳಗೆ ಒಂದೇ ಬಾವಿ, ಇಷ್ಟೇ ಅಲ್ಲಿನ ಸಂಪತ್ತು.

ಬೊಮ್ಮಕ್ಕನ ನೆರೆಯವಳು ಸೂರವ್ವ. ಹರೆಯದ ವಿಧವೆ, ಕಂಕುಳಲ್ಲಿ ಎರಡು ವರ್ಷದ ಹೆಣ್ಣುಮಗು. ದಿನಾ ನಸುಕಿನಲ್ಲಿ ಸೆರಗಿನಡಿ ಸೋರೆಬುರುಡೆ ಬಚ್ಚಿಟ್ಟುಕೊಂಡು ಗುಡ್ಡ ಹತ್ತುತ್ತಾಳೆ; ಇಳಿಯುವಾಗ ಬುರುಡೆ ಖಾಲಿ, ಮುಖ ಮಾತ್ರ ಬೆಳದಿಂಗಳು. ಇನ್ನೇನು ಬೇಕು? ಬುರುಡೆಯಲ್ಲಿ ಅಂಬಲಿ, ಗುಡ್ಡದಲ್ಲಿ ಗಂಡಸು! ಮೊದಲನೆಯ ಕಿವಿಯಲ್ಲಿ ಅವನಿಗೆ ಬರೀ ಮೀಸೆಯಿತ್ತು, ನಾಲ್ಕನೆಯದರಲ್ಲಿ ಚಿನ್ನದ ಕಡಗ ಬಂತು, ಏಳನೆಯದಕ್ಕೆ ಕುದುರೆಯನ್ನೂ ಏರಿದನು.

ಮಾತು ಯಜಮಾನ ಕಾಟಯ್ಯನನ್ನು ಮುಟ್ಟಿತು. ಅವನು ಕಟ್ಟಳೆಯಂತೆ ಬೇಲಿಯಾಚೆಯ ಬಂಡೆಯ ಮೇಲೆ ಕರಿಕಂಬಳಿ ಹಾಸಿಸಿದನು. ಆ ಕಂಬಳಿ ಮುಟ್ಟಿ ಸುಳ್ಳಾಡಿದರೆ ಕಣ್ಣು ಹೋಗುತ್ತದೆ.

“ಅಂಬಲಿ ಯಾರಿಗೆ ಕೊಟ್ಟೆ, ಹೇಳವ್ವ.”

ಸೂರವ್ವನು ಕಂಬಳಿ ಮುಟ್ಟಲೂ ಇಲ್ಲ, ತುಟಿ ಬಿಚ್ಚಲೂ ಇಲ್ಲ. ಅವಳನ್ನು ಮಗುವಿನೊಡನೆ ಹೊರಹಾಕಿದರು. ಹೊರಹಾಕಿದವರಿಗೆ ಹಟ್ಟಿಯ ಬಾವಿನೀರು ಸಲ್ಲದು; ಕೊಟ್ಟವರೂ ಹೊರಗೇ.

ಮರುದಿನ ಬೊಮ್ಮಕ್ಕನು, ಗಂಡಸು ಸಿಗದಿದ್ದರೆ ಕುದುರೆಯನ್ನಾದರೂ ನೋಡೋಣವೆಂದು ಗುಡ್ಡ ಹತ್ತಿದಳು. ಅಲ್ಲಿ ಜಟಾಭಾರದಿಂದ ಬಾಗಿದ ಶಿರಸ್ಸೂ ಅಸ್ಥಿಮಾತ್ರಾವಶಿಷ್ಟವಾದ ದೇಹವೂ ಉಳ್ಳವನಾಗಿ, ಬಾಯಲ್ಲಿ ಒಂದು ಹಲ್ಲೂ ಇಲ್ಲದೆ, ಶುಷ್ಕಪಾದನೆಂಬ ಮುನಿಯು ಕುಳಿತಿದ್ದನು. ‘ಈ ಒಣಕಲು ಮುದುಕನಿಗಾಗಿಯೆ ನಾನು ಇಷ್ಟು ಬಾಯಿ ನೋಯಿಸಿಕೊಂಡದ್ದು!’ ಎಂದು ಅವಳಿಗೆ ಕೆಡುಕೆನಿಸಿತು. ಆದರೂ ಹಸಿದ ಮುಖ ನೋಡಲಾರದೆ ಸೆರಗಿನಲ್ಲಿದ್ದ ನವಣೆಹಿಟ್ಟನ್ನು ಅವನ ಕೈಗಿಟ್ಟಳು.

ತಿಂದಾದ ಮೇಲೆ ಮುನಿ ನುಡಿದನು: “ತಾಯಿ, ಕೊಟ್ಟವರು ಕೊಟ್ಟೆನೆಂದು ಆಡಬಾರದು, ಅಂಥ ಅನ್ನದಿಂದಲೇ ನನ್ನ ವ್ರತ. ಹನ್ನೆರಡು ವರ್ಷಕ್ಕೆ ಇನ್ನು ಮೂರೇ ದಿನ. ತುಂಬಿದರೆ ಈ ಕಲ್ಲುಸೀಮೆ ವರ್ಷವಿಡೀ ಹೂವಾಗುವುದು.”

ಬೊಮ್ಮಕ್ಕನು ಸೆರಗು ಕೊಡವಿಕೊಂಡು ಎದ್ದಳು. ಗುಡ್ಡವಿಳಿದರೆ ಜಾಲಿಮರದಡಿ ಸೂರವ್ವ. ಮಗುವಿನ ತುಟಿ ಬಿರಿದಿತ್ತು, ಅಳುವುದನ್ನೂ ನಿಲ್ಲಿಸಿತ್ತು.

“ನಿನಗೂ ತಿಳಿಯಿತಲ್ಲ. ಮೂರು ದಿನ ಅಕ್ಕ, ಬಾಯಿ ಕಟ್ಟಿಕೋ,” ಎಂದಳು ಸೂರವ್ವ.

“ಮೂರು ದಿನ ಇದು ಉಳಿಯುತ್ತದೇನೇ?”

ಸೂರವ್ವನು ಮಗುವನ್ನು ಎದೆಗವಚಿಕೊಂಡು ಆಚೆ ತಿರುಗಿದಳು.

ಬೊಮ್ಮಕ್ಕನು ಬಿದ್ದೆದ್ದು ಓಡಿ, “ಯಜಮಾನ, ನಾನು ಹೇಳಿದ್ದೆಲ್ಲ ಸುಳ್ಳು!” ಎಂದಳು.

“ಯಾವ ಸುಳ್ಳನ್ನು ನಂಬೋಣ ಬೊಮ್ಮಕ್ಕ, ನಿನ್ನೆಯದನ್ನೋ ಇವತ್ತಿನದನ್ನೋ?” ಎಂದು ಕಾಟಯ್ಯ ನಕ್ಕನು. ಹಟ್ಟಿಯೂ ನಕ್ಕಿತು.

ಇನ್ನು ಉಳಿದದ್ದು ಕಂಬಳಿಯೊಂದೇ. ಅವಳು ಅದರ ಮೇಲೆ ಎರಡೂ ಕೈಯೂರಿ ಕೂಗಿದಳು: “ಗುಡ್ಡದಲ್ಲಿರುವವನು ಹಲ್ಲಿಲ್ಲದ ತಪಸ್ವಿ. ಸೂರವ್ವ ಅನ್ನವಿಟ್ಟದ್ದು ಅವನಿಗೆ. ಇವತ್ತು ಕೊಟ್ಟವಳು ನಾನು, ನಾನೇ ಕೊಟ್ಟೆ!”

ಕಣ್ಣು ಹೋಗಲಿಲ್ಲ. ಹಟ್ಟಿಯವರ ನೀರಿನ ಕೊಡಗಳು ಬೇಲಿ ದಾಟಿ ಮಗುವಿನತ್ತ ಓಡಿದವು. ಆಗ ಗುಡ್ಡದ ನೆತ್ತಿಯಿಂದ ಅಶರೀರವಾಣಿಯಾಯಿತು:

“ಮೌನಭಂಗದಿಂದ ತಪೋಭಂಗವಾಯಿತು, ಶಿಶುರಕ್ಷಣೆಯಿಂದ ಆ ದೋಷವೂ ನೀಗಿತು. ನಿತ್ಯಪುಷ್ಪವತಿಯಾಗಬೇಕಿದ್ದ ಈ ಧರಿತ್ರಿಯು ವರ್ಷಕ್ಕೆ ಒಂದೇ ಪಕ್ಷ ಅರಳಲಿ!”

ಮುನಿಯು ಕಮಂಡಲುವಿನ ಶೇಷಜಲವನ್ನು ಬಂಡೆಯ ಸುತ್ತ ಚೆಲ್ಲಿ ಅಂತರ್ಧಾನನಾದನು. ಅಂದಿನಿಂದ ಹಸ್ತಮಳೆ ಬಿದ್ದ ಒಂಬತ್ತನೆಯ ದಿನ ಅಲ್ಲಿ ಗೇಣುದ್ದದ ಗಿಡಗಳೆದ್ದು, ಹಳದಿ ಗಂಟಲಿನ ಬಿಳಿಹೂ ಬಿಟ್ಟು, ಹದಿನೈದು ದಿನಕ್ಕೆ ಒಣಗಿ, ಬೀಜ ಕಲ್ಲುಸಂದಿಗೆ ಬೀಳುತ್ತದೆ. ಬೇರೆಲ್ಲಿ ಬಿತ್ತಿದರೂ ಹುಟ್ಟದು. ಕಂಬಳಿಯಗಲದ ಕರಿಗುರುತು ಬಂಡೆಯ ಮೇಲೆ ಇಂದಿಗೂ ಇದೆ. ಭಕ್ತರು ಹೂ ಕೀಳದೆ ಆ ಗುರುತಿಗೆ ನೀರೆರೆದು ಬರುತ್ತಾರೆ.

ಆ ಸಂಜೆ ಬೊಮ್ಮಕ್ಕನು ಸೂರವ್ವನಿಂದ ಕೈಮುಗಿಸಿಕೊಳ್ಳಲು ಸಿದ್ಧಳಾಗಿ ಹೊಸ್ತಿಲಲ್ಲಿ ನಿಂತಿದ್ದಳು. ಸೂರವ್ವನು ಮಗುವನ್ನೆತ್ತಿಕೊಂಡು ಬಂದು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

“ಮಗು ಹೊರಗೆ ಹೋದದ್ದೂ ನಿನ್ನ ಬಾಯಿಂದ, ಉಳಿದದ್ದೂ ನಿನ್ನ ಬಾಯಿಂದ. ಒಣನೆಲ ಕಂಡಷ್ಟು ದಿನವೂ ನಿನ್ನನ್ನು ಬೈಯುತ್ತೇನೆ ಅಕ್ಕ. ಹೂವಿರುವ ಹದಿನೈದು ದಿನ ಮಾತ್ರ, ಹೋಗಲಿ, ಸುಮ್ಮನಿರುತ್ತೇನೆ.”